ಜಾಝ್ ಕ್ವಾರ್ಟೆಟ್ ಲೈವ್ ರೆಕಾರ್ಡಿಂಗ್: ಟ್ರ್ಯಾಕ್‌ಗಳನ್ನು ಸೇರಿಸಿದರೆ ಡಬಲ್ ಬಾಸ್ ಟೊಳ್ಳಾಗುತ್ತಿದೆ

ಪ್ರಶ್ನೆ

ನಮಸ್ಕಾರ. ಪಿಯಾನೊ, ಡಬಲ್ ಬಾಸ್, ಡ್ರಮ್ಸ್ ಮತ್ತು ಟೆನರ್ ಸ್ಯಾಕ್ಸೊಫೋನ್ ಇರುವ ನಾಲ್ವರ ತಂಡವನ್ನು ಒಂದೇ ಕೋಣೆಯಲ್ಲಿ, ನಡುವೆ ಗಾಜಿನ ಬೂತ್‌ಗಳಿಲ್ಲದೆ, 96 ಕಿಲೋಹರ್ಟ್ಸ್ ಮತ್ತು 24 ಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಬಾಸ್‌ನ ಬ್ರಿಡ್ಜ್‌ನಿಂದ 30 ಸೆಂಟಿಮೀಟರ್ ದೂರದಲ್ಲಿ ಒಂದು ಕಾರ್ಡಿಯಾಯ್ಡ್ (ಮುಖ್ಯವಾಗಿ ಮುಂಭಾಗದಿಂದ ಕೇಳುವ) ಕಂಡೆನ್ಸರ್ ಮೈಕ್ ಇದೆ. ಬಾಸ್‌ಗೇ ಅಳವಡಿಸಿದ ಪಿಕಪ್‌ನ ಸಿಗ್ನಲ್ಲನ್ನೂ ಡಿಐ (ವಾದ್ಯದ ಸಿಗ್ನಲ್ಲನ್ನು ಮೈಕ್ ಇಲ್ಲದೆ ನೇರವಾಗಿ ತೆಗೆದುಕೊಳ್ಳುವ ಪೆಟ್ಟಿಗೆ) ಮೂಲಕ ಬೇರೆ ಟ್ರ್ಯಾಕ್‌ಗೆ ತೆಗೆದುಕೊಳ್ಳುತ್ತಿದ್ದೇನೆ. ಡ್ರಮ್ಸ್ ಬಾಸ್‌ನ ಪಕ್ಕಕ್ಕೆ ಸುಮಾರು ಎರಡೂವರೆ ಮೀಟರ್ ದೂರದಲ್ಲಿವೆ.

ಒಂದೊಂದೇ ಟ್ರ್ಯಾಕನ್ನು ಕೇಳಿದಾಗ ಎಲ್ಲವೂ ಚೆನ್ನಾಗಿವೆ. ಆದರೆ ಒಟ್ಟಿಗೆ ಕೇಳಿದರೆ ಬಾಸ್‌ನ ಮೈ ಕರಗಿ ಟೊಳ್ಳಾದಂತೆ ಆಗುತ್ತದೆ, ಅದನ್ನು ಸರಿಪಡಿಸಲು ಬಾಸ್ ಮೈಕ್‌ನ ಫೇಡರ್ ಏರಿಸಿದರೆ ರೈಡ್ ಸಿಂಬಲ್‌ನ (ಡ್ರಮ್ಸ್‌ನಲ್ಲಿ ತಾಳ ಹಿಡಿಯುವ ದೊಡ್ಡ ಲೋಹದ ತಟ್ಟೆ) ಸದ್ದಿನ ಮೇಲೆ ಮಂಜು ಕವಿಯುತ್ತದೆ. ಇಕ್ಯೂ (ಆವರ್ತನಗಳ ಮಟ್ಟ ಏರಿಳಿಸುವ ಸಾಧನ) ಎಷ್ಟು ತಿದ್ದಿದರೂ ಪ್ರಯೋಜನವಾಗಲಿಲ್ಲ. ಡ್ರಮ್ಸನ್ನು ಬೇರೆ ಕೋಣೆಗೆ ಸಾಗಿಸುವುದೊಂದೇ ದಾರಿಯೇ?

ಉತ್ತರ

ದಯವಿಟ್ಟು ಡ್ರಮ್ಸನ್ನು ಬೇರೆ ಕೋಣೆಗೆ ಸಾಗಿಸಬೇಡಿ. ಬಾಸ್ ಮತ್ತು ರೈಡ್ ಒಂದೇ ಗಾಳಿಯಲ್ಲಿ ನುಡಿದಾಗ ಹುಟ್ಟುವ ನಡೆ ಹೆಡ್‌ಫೋನ್ ಮೂಲಕ ಕೇಳಿ ನುಡಿಸುವಾಗ ಹಾಗೆಯೇ ಉಳಿಯುವುದು ಅಪರೂಪ. ನಿಮ್ಮ ವಿವರಣೆಯಲ್ಲಿ ಎರಡು ಬೇರೆ ಬೇರೆ ದೋಷಗಳು ಕಲೆತಿವೆ ಎಂದು ನನಗನ್ನಿಸುತ್ತದೆ, ಮತ್ತು ಅವುಗಳಲ್ಲಿ ಮೊದಲನೆಯದಕ್ಕೆ ಡ್ರಮ್ಸ್ ಕಾರಣವೇ ಅಲ್ಲ.

ಉಳಿದ ಎಲ್ಲ ಟ್ರ್ಯಾಕ್‌ಗಳನ್ನು ಮ್ಯೂಟ್ ಮಾಡಿ, ಬಾಸ್‌ನ ಮೈಕ್ ಮತ್ತು ಡಿಐ ಎರಡನ್ನೇ ಮೋನೊದಲ್ಲಿ ಸೇರಿಸಿ ಕೇಳಿ. ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ, 30 ಸೆಂಟಿಮೀಟರ್ ದೂರದ ಮೈಕ್‌ಗೆ ಸ್ವರ ತಲುಪುವುದು ಪಿಕಪ್‌ಗಿಂತ ಸುಮಾರು 0.87 ಮಿಲಿಸೆಕೆಂಡ್ ತಡವಾಗಿ. ಎರಡನ್ನೂ ಸಮ ಮಟ್ಟದಲ್ಲಿ ಕೂಡಿಸಿದರೆ ಸುಮಾರು 570 ಹರ್ಟ್ಸ್ ಬಳಿ ಎರಡೂ ಒಂದನ್ನೊಂದು ಅಳಿಸಿಕೊಂಡು ಮೊದಲ ಗುಳಿ ಬೀಳುತ್ತದೆ, ಅದರ ಮೂರರಷ್ಟು, ಐದರಷ್ಟು ಆವರ್ತನಗಳಲ್ಲಿ ಮತ್ತೆ ಗುಳಿಗಳು ಬೀಳುತ್ತವೆ. ಪೋಲಾರಿಟಿಯೂ (ಅಲೆಯ ಏರು ಇಳಿವುಗಳ ದಿಕ್ಕು) ತಿರುವುಮುರುವಾಗಿದ್ದರೆ ತಳದ ಸ್ವರಗಳೇ ಸವೆಯುತ್ತವೆ. ಆದ್ದರಿಂದ ಮೊದಲು ಡಿಐ ಟ್ರ್ಯಾಕ್‌ನ ಪೋಲಾರಿಟಿ ಬದಲಿಸಿ, ಯಾವ ಸ್ಥಿತಿಯಲ್ಲಿ ತಳ ತುಂಬಿಕೊಳ್ಳುತ್ತದೋ ಅದನ್ನೇ ಉಳಿಸಿಕೊಳ್ಳಿ. ಬಳಿಕ ಆ ಟ್ರ್ಯಾಕನ್ನು ಸುಮಾರು 84 ಸ್ಯಾಂಪಲ್ (96 ಕಿಲೋಹರ್ಟ್ಸ್‌ನಲ್ಲಿ ಅದೇ 0.87 ಮಿಲಿಸೆಕೆಂಡ್) ತಡವಾಗುವಂತೆ ತಳ್ಳಿ, ಅಲ್ಲಿಂದ ಆಚೀಚೆ ಸರಿಸುತ್ತ ಕಿವಿಯಿಂದಲೇ ತೀರ್ಮಾನಿಸಿ. ಕಳೆದುಹೋದದ್ದನ್ನು ಇಕ್ಯೂ ಮರಳಿ ತರಲಾರದು.

ರೈಡ್‌ನ ಮಂಜು ಎರಡನೆಯ ದೋಷ. ಬಾಸ್ ಮೈಕ್‌ಗೆ ಸಿಂಬಲ್ ಪಕ್ಕದಿಂದ ಬರುತ್ತಿದೆ. ಪಕ್ಕದಿಂದ ಬಂದ ಶಬ್ದವನ್ನು ಅನೇಕ ಕಾರ್ಡಿಯಾಯ್ಡ್ ಮೈಕ್‌ಗಳು ಮಂಕಾಗಿಯೇ ಹಿಡಿಯುತ್ತವೆ, ಮತ್ತು ಆ ಮಂಕು ನಕಲು, ಓವರ್‌ಹೆಡ್ (ಡ್ರಮ್ಸ್‌ನ ಮೇಲಿಟ್ಟ ಮೈಕ್) ಹಿಡಿದ ಸ್ಪಷ್ಟ ರೂಪದ ಹಿಂದೆ ಆರೇಳು ಮಿಲಿಸೆಕೆಂಡ್ ತಡವಾಗಿ ಬಂದು ಸೇರುತ್ತದೆ. ಸೋರಿಕೆ ಇರುವುದು ತಪ್ಪಲ್ಲ, ಅದು ಕೆಟ್ಟ ಬಣ್ಣದಲ್ಲಿ ಬರುವುದು ತಪ್ಪು. ಫಿಗರ್-ಎಯ್ಟ್ ಮೈಕ್ (ಮುಂದೆ ಮತ್ತು ಹಿಂದೆ ಕೇಳಿ ಪಕ್ಕಗಳಲ್ಲಿ ಕೇಳದ ಮೈಕ್, ಉದಾಹರಣೆಗೆ ರಿಬ್ಬನ್ ಮೈಕ್) ಬಳಸಿ, ಅದು ಏನನ್ನೂ ಕೇಳದ ಪಕ್ಕವನ್ನು ನೇರವಾಗಿ ರೈಡ್‌ನ ಕಡೆಗೆ ತಿರುಗಿಸಿ. ಅದರ ಬೆನ್ನು ಮುಂಭಾಗದಷ್ಟೇ ಚುರುಕಾಗಿ ಕೇಳುವುದರಿಂದ ಹಿಂದೆ ದಪ್ಪನೆಯ ಹೀರುಫಲಕ ನಿಲ್ಲಿಸಿ. ಹತ್ತಿರದಲ್ಲಿ ತಳ ಅತಿಯಾಗಿ ಉಬ್ಬುತ್ತದೆಯಾದ್ದರಿಂದ ಹತ್ತು ಸೆಂಟಿಮೀಟರ್ ದೂರ ಸರಿಸಿ ನೋಡಿ, ಮತ್ತು ದೂರ ಬದಲಾದಾಗ ಡಿಐಯ ಲೆಕ್ಕವನ್ನೂ ಹೊಸದಾಗಿ ಮಾಡಿ.

ಈ ಕೆಲಸವನ್ನು ಮಿಕ್ಸ್‌ಗೆ ಮುಂದೂಡದಿರುವುದು ಮುಖ್ಯ. ಜಾಝ್ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ 1959ರಲ್ಲಿ ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ಟುಡಿಯೊ ತೆರೆದ ಕಾಲದಲ್ಲಿ ಇಂಥ ತಂಡಗಳನ್ನು ನೇರವಾಗಿ ಎರಡು ಟ್ರ್ಯಾಕ್‌ನ ಟೇಪಿಗೆ ಇಳಿಸುತ್ತಿದ್ದರು. ಅಲ್ಲಿ ಮೈಕ್ ಇಟ್ಟ ಜಾಗವೇ ಅರ್ಧ ಮಿಕ್ಸ್ ಆಗಿತ್ತು.

ಮರುಪ್ರಶ್ನೆ

ತುಂಬಾ ಧನ್ಯವಾದಗಳು. ಡಿಐಯ ಪೋಲಾರಿಟಿ ನಿಜಕ್ಕೂ ತಿರುವುಮುರುವಾಗಿತ್ತು. ಅದನ್ನು ಬದಲಿಸಿ 79 ಸ್ಯಾಂಪಲ್ ತಳ್ಳಿದಾಗ ಬಾಸ್‌ಗೆ ಮೈ ಬಂತು. ಇಂದು ರಿಬ್ಬನ್ ಮೈಕ್ ಇಟ್ಟು ಹೊಸ ಟೇಕ್ ತೆಗೆದೆವು, ರೈಡ್ ಬಹುಮಟ್ಟಿಗೆ ತಿಳಿಯಾಯಿತು. ಉಳಿದಿರುವ ಸ್ವಲ್ಪ ಮಂಕು ಪಿಯಾನೊ ಮೈಕ್‌ಗಳನ್ನು ಮ್ಯೂಟ್ ಮಾಡಿದರೆ ಹೋಗುತ್ತದೆ. ಪಿಯಾನೊದ ಮುಚ್ಚಳ ಪೂರ್ತಿ ತೆರೆದಿದೆ, ತೆರೆದ ಬದಿ ಡ್ರಮ್ಸ್‌ಗೆ ಎದುರಾಗಿದೆ.

ಉತ್ತರ

ಹಾಗಿದ್ದರೆ ಆ ಮುಚ್ಚಳವೇ ಸಿಂಬಲ್‌ನ ಸದ್ದನ್ನು ಹಿಡಿದು ಮೈಕ್‌ಗಳ ಮೇಲೆ ಸುರಿಯುತ್ತಿದೆ. ಪಿಯಾನೊವನ್ನು ತಿರುಗಿಸಿ ಮುಚ್ಚಳದ ಬೆನ್ನು ಡ್ರಮ್ಸ್‌ನ ಕಡೆ ಬರುವಂತೆ ಮಾಡಿ. ಕಲಾವಿದರ ಕಣ್ಣುಗಳು ಮಾತ್ರ ಒಂದಕ್ಕೊಂದು ಸಿಗುತ್ತಿರಲಿ. ಜಾಗ ಸಾಲದಿದ್ದರೆ ಮುಚ್ಚಳವನ್ನು ಗಿಡ್ಡ ಕೋಲಿನ ಮೇಲೆ ಇಳಿಸಿ, ತೆರೆದ ಬದಿಗೆ ದಪ್ಪ ಕಂಬಳಿ ಇಳಿಬಿಡಿ. ಕಂಬಳಿ ಪಿಯಾನೊದ ಉಸಿರನ್ನೂ ಸ್ವಲ್ಪ ಕಟ್ಟುತ್ತದೆ, ಆದ್ದರಿಂದ ಅದು ನನ್ನ ಎರಡನೆಯ ಆಯ್ಕೆ. ಸ್ಯಾಕ್ಸೊಫೋನ್ ಮೈಕ್‌ನ ಬಗ್ಗೆ ನಿಮಗೆ ದೂರಿಲ್ಲವಾದ್ದರಿಂದ ಅದನ್ನು ಈಗಿರುವಲ್ಲೇ ಬಿಡಿ.