ಪಾಚಿಗೆ ಪೆಟ್ಟು ಕೊಟ್ಟದ್ದು ಕಣವೋ, ಕರಗಿದ ಸತುವೋ?

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ):
ನಮಸ್ಕಾರ ಮೇಡಂ. ಕ್ಲೋರೆಲ್ಲಾ ಪಾಚಿಗೆ ಸುಮಾರು 30 ನ್ಯಾನೊಮೀಟರ್ ಗಾತ್ರದ ಜಿಂಕ್ (ಸತು) ಆಕ್ಸೈಡ್ ಕಣಗಳನ್ನು ಹಾಕಿ 72 ಗಂಟೆ ಬೆಳೆಸಿದೆ. ಪಾಚಿ ಬೆಳೆಸುವ ಪೋಷಕ ದ್ರಾವಣವಾದ ಬಿಜಿ-11ರಲ್ಲಿ ಬೆಳವಣಿಗೆ ಕುಗ್ಗಿತು, ಪೊರೆಯ ಕೊಬ್ಬು ಹಾಳಾದುದರ ಗುರುತಾದ ಎಂಡಿಎ ಏರಿತು. ಕೋಶವನ್ನು ಕಾಯುವ ಕಿಣ್ವ ಕ್ಯಾಟಲೇಸ್ ಮಾತ್ರ ಕಡಿಮೆ ಪ್ರಮಾಣಕ್ಕೆ ಏರಿ, ಹೆಚ್ಚಿನ ಪ್ರಮಾಣಕ್ಕೆ ಇಳಿಯಿತು. ಶರಣಬಸವೇಶ್ವರ ಕೆರೆಯ ನೀರಿನಲ್ಲಿ ಬೆಳೆಸಿದಾಗ ಪರಿಣಾಮ ಅಷ್ಟಾಗಿ ಕಾಣಲಿಲ್ಲ. 0.22 ಮೈಕ್ರಾನ್ ಫಿಲ್ಟರ್ ದಾಟಿ ಬಂದದ್ದನ್ನು ‘ಕರಗಿದ ಸತು’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ (ಜಲಪರಿಸರ ವಿಷಶಾಸ್ತ್ರ):
ಕೊನೆಯ ಸಾಲಿನಿಂದಲೇ ಶುರು ಮಾಡೋಣ, ಏಕೆಂದರೆ ಪ್ರಬಂಧ ಎಡವುವುದು ಅಲ್ಲಿಯೇ. 0.22 ಮೈಕ್ರಾನ್ ಎಂದರೆ 220 ನ್ಯಾನೊಮೀಟರ್. ನಿಮ್ಮ ಕಣಗಳು ಏಳು ಒಟ್ಟಿಗೆ ಸಾಲುಗಟ್ಟಿದರೂ ಆ ರಂಧ್ರದಲ್ಲಿ ನುಸುಳುತ್ತವೆ. ಕರಗಿದ್ದನ್ನು ಬೇರ್ಪಡಿಸಲು, ಕಣಗಳನ್ನು ತಡೆಯುವಷ್ಟು ಸಣ್ಣ ರಂಧ್ರದ ಡಯಾಲಿಸಿಸ್ ಚೀಲ ಅಥವಾ 3 ಕಿಲೋಡಾಲ್ಟನ್ ಅಲ್ಟ್ರಾಫಿಲ್ಟರ್ ಬಳಸಿ, ಸತುವನ್ನು ಪರಮಾಣು ಹೀರಿಕೆ ಯಂತ್ರದಲ್ಲಿ ಅಳೆಯಿರಿ. ಅಷ್ಟೇ ಪ್ರಮಾಣದ ಸತುವನ್ನು ಜಿಂಕ್ ಕ್ಲೋರೈಡ್ ರೂಪದಲ್ಲಿ ಹಾಕಿದ ಇನ್ನೊಂದು ಸಾಲು ಫ್ಲಾಸ್ಕ್ ಇಡಿ. 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಿಹಿನೀರಿನ ಪಾಚಿಯೊಂದರ ಮೇಲೆ ಹೀಗೆ ಹೋಲಿಸಿ ನೋಡಿದಾಗ ನ್ಯಾನೊ ಕಣ, ದಪ್ಪ ಪುಡಿ, ಲವಣ ಮೂರರ ವಿಷವೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಕೆಲಸ ಮಾಡಿದ್ದು ಕರಗಿದ ಸತು.

ಕ್ಯಾಟಲೇಸ್ ಇಳಿದದ್ದಕ್ಕೆ ಗಾಬರಿ ಬೇಡ, ಅದನ್ನು ‘ಒತ್ತಡ ತಗ್ಗಿತು’ ಎಂದೂ ಓದಬೇಡಿ. ಸತು ಹೆಚ್ಚಾದಾಗ ದ್ಯುತಿಸಂಶ್ಲೇಷಣೆಯ ಎಲೆಕ್ಟ್ರಾನ್ ಸಾಗಣೆ ಕೆಡುತ್ತದೆ, ದಾರಿ ತಪ್ಪಿದ ಎಲೆಕ್ಟ್ರಾನ್ ಆಮ್ಲಜನಕಕ್ಕೆ ಅಂಟಿ ಸೂಪರ್ಆಕ್ಸೈಡ್ ಆಗುತ್ತದೆ. ಅದನ್ನು ಒಂದು ಕಿಣ್ವ ಹೈಡ್ರೊಜನ್ ಪೆರಾಕ್ಸೈಡ್ ಮಾಡುತ್ತದೆ, ಕ್ಯಾಟಲೇಸ್ ಅದನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಮೊದಲು ಕೋಶ ಕಿಣ್ವವನ್ನು ಹೆಚ್ಚಿಸಿಕೊಳ್ಳುತ್ತದೆ. ದಾಳಿ ಮಿತಿ ಮೀರಿದರೆ ಕಿಣ್ವವೇ ಹಾಳಾಗುತ್ತದೆ. ಆಗ ಪೊರೆಯ ಕೊಬ್ಬು ಉತ್ಕರ್ಷಣೆಗೊಂಡು ಎಂಡಿಎ ಏರುತ್ತದೆ. ನಿಮ್ಮ ಎರಡೂ ಅಂಕಿಗಳು ಒಂದೇ ಕಥೆ ಹೇಳುತ್ತಿವೆ.

ಕೆರೆಯ ನೀರು? ಕಣ ಕೆಟ್ಟಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ಕಣಗಳನ್ನು ಮುದ್ದೆಗಟ್ಟಿಸಿ ತಳಕ್ಕೆ ಇಳಿಸುತ್ತದೆ, ಕೊಳೆತ ಸಾವಯವ ವಸ್ತು ಕರಗಿದ ಸತುವನ್ನು ಹಿಡಿದಿಡುತ್ತದೆ. ಗಡಸುತನ, ಪಿಎಚ್ ಅಳೆಯದೆ ಈ ಹೋಲಿಕೆಯನ್ನು ಬರೆಯಬೇಡಿ. ಹಾಗೆಂದು ಬಿಜಿ-11 ಶುದ್ಧ ಸಾಕ್ಷಿಯೇನಲ್ಲ. ಅದರಲ್ಲಿರುವ ಇಡಿಟಿಎ ಮತ್ತು ಫಾಸ್ಫೇಟ್ ಕೂಡ ಸತುವನ್ನು ಹಿಡಿಯುತ್ತವೆ.

ಪ್ರಶ್ನೆ (ತೊಗರಿ ಬೆಳೆಗಾರ, ಜೇವರ್ಗಿ):
ನಮಸ್ಕಾರ ಅಕ್ಕಾ. ಬೆಳೆಗೆ ನ್ಯಾನೊ ಜಿಂಕ್ ಗೊಬ್ಬರ ಸಿಂಪಡಿಸಿದ ಮೇಲೆ ಪಂಪನ್ನು ಹಳ್ಳದಲ್ಲಿ ತೊಳೆಯುತ್ತೇವೆ. ತೊಂದರೆಯೇ?

ಉತ್ತರ:
ಹಳ್ಳದಲ್ಲಿ ತೊಳೆಯಬೇಡಿ ಅಣ್ಣ. ನ್ಯಾನೊ ಇರಲಿ, ಹಳೆಯ ಜಿಂಕ್ ಸಲ್ಫೇಟ್ ಇರಲಿ, ಪಾಚಿಗೆ ಎರಡೂ ಸತುವೇ. ಬೇಸಿಗೆಯ ಗುಂಡಿಯಲ್ಲಿ ನಿಂತ ನೀರು ಅದನ್ನು ತೆಳುವಾಗಿಸಲಾರದು. ತೊಳೆದ ನೀರನ್ನು ಅದೇ ಹೊಲದ ಬೆಳೆಗೆ ಸಿಂಪಡಿಸಿ ಮುಗಿಸಿ.

ವಿದ್ಯಾರ್ಥಿನಿ:
ಮೇಡಂ, ಕಣಗಳು ಬೆಳಕಿಗೆ ಅಡ್ಡವಾಗಿ ಬೆಳವಣಿಗೆ ಕುಗ್ಗಿರಬಹುದಲ್ಲವೇ?

ಉತ್ತರ:
ಒಳ್ಳೆಯ ಅನುಮಾನ. ಪಾಚಿಯ ಫ್ಲಾಸ್ಕಿಗೆ ಕಣ ಹಾಕದೆ, ಕಣದ ದ್ರಾವಣವಿರುವ ಪಾತ್ರೆಯನ್ನು ಫ್ಲಾಸ್ಕ್ ಮತ್ತು ದೀಪದ ನಡುವೆ ಇಟ್ಟು ಬೆಳೆಸಿ. ಆಗಲೂ ಕುಗ್ಗಿದರೆ ಅಷ್ಟು ಭಾಗ ನೆರಳಿನದು.