ಮೇಜರ್ ಸ್ಕೇಲ್ ರಚನೆ: ಅಂತರಗಳು ಸರಿಯಿದ್ದರೂ ಸ್ವರಗಳ ಹೆಸರು ತಪ್ಪಾಗುವುದು ಏಕೆ?

ಹೊಸಕಲಿಕೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾನು ಕೀಬೋರ್ಡ್ ಕಲಿಯಲು ಆರಂಭಿಸಿ ಕೆಲವು ತಿಂಗಳುಗಳಾಗಿವೆ. ಮೇಜರ್ ಸ್ಕೇಲ್‌ಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವ ಬದಲು, ಅವು ಹೇಗೆ ಕಟ್ಟಲ್ಪಡುತ್ತವೆ ಎಂಬುದನ್ನು ಅರ್ಥಮಾಡಿಕೊಳ್ಳಬೇಕೆಂಬ ಆಸೆ ನನ್ನದು. ಪೂರ್ಣ, ಪೂರ್ಣ, ಅರ್ಧ, ಪೂರ್ಣ, ಪೂರ್ಣ, ಪೂರ್ಣ, ಅರ್ಧ ಎಂಬ ಅಂತರಗಳ ಸೂತ್ರ ನನಗೆ ಗೊತ್ತಿದೆ (ಅರ್ಧ ಎಂದರೆ ತೀರ ಪಕ್ಕದ ಮನೆಗೆ, ಪೂರ್ಣ ಎಂದರೆ ನಡುವೆ ಒಂದು ಮನೆ ಬಿಟ್ಟು ಮುಂದಿನದಕ್ಕೆ). ಅದನ್ನೇ ಹಿಡಿದು ಎ ಸ್ವರದಿಂದ ಹೊರಟು ಹೀಗೆ ಬರೆದುಕೊಂಡೆ: ಎ, ಬಿ, ಡಿ ಫ್ಲ್ಯಾಟ್, ಡಿ, ಇ, ಜಿ ಫ್ಲ್ಯಾಟ್, ಎ ಫ್ಲ್ಯಾಟ್, ಎ. ನುಡಿಸಿದಾಗ ಕಿವಿಗೆ ಸರಿಯಾಗಿಯೇ ಕೇಳಿಸಿತು. ಆದರೆ ಪಠ್ಯದಲ್ಲಿ ಸಿ ಶಾರ್ಪ್, ಎಫ್ ಶಾರ್ಪ್, ಜಿ ಶಾರ್ಪ್ ಎಂದಿದೆ (ಫ್ಲ್ಯಾಟ್ ಎಂದರೆ ಅರ್ಧ ಅಂತರ ಕೆಳಗೆ, ಶಾರ್ಪ್ ಎಂದರೆ ಅರ್ಧ ಅಂತರ ಮೇಲೆ). ಒತ್ತುವ ಮನೆಗಳು ಅವೇ ಆಗಿರುವಾಗ ಹೆಸರು ಬೇರೆಯಾದರೆ ತಪ್ಪೇನು? ಇನ್ನೊಂದು ಸಂದೇಹವೂ ಇದೆ. ಅರ್ಧ ಅಂತರಗಳು ಮೂರನೆಯ ಮತ್ತು ನಾಲ್ಕನೆಯ ಸ್ವರಗಳ ನಡುವೆ, ಏಳನೆಯ ಮತ್ತು ಎಂಟನೆಯ ಸ್ವರಗಳ ನಡುವೆಯೇ ಏಕೆ ಬರಬೇಕು?

ಆರುತಂತಿ:

ನಿಮ್ಮ ಕಿವಿ ತಪ್ಪಿಲ್ಲ, ಅಂತರಗಳೂ ಸರಿಯಾಗಿವೆ. ಮೇಜರ್ ಸ್ಕೇಲ್ ಎಂದರೆ ಮೊದಲು ಅಂತರಗಳ ಜೋಡಣೆ, ಅಕ್ಷರಗಳು ಆಮೇಲಿನವು. ಗಿಟಾರಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ, ಏಕೆಂದರೆ ಅಲ್ಲಿ ಬಿಳಿ ಮನೆ, ಕಪ್ಪು ಮನೆ ಎಂಬ ಭೇದವಿಲ್ಲ. ಒಂದು ಫ್ರೆಟ್ ಎಂದರೆ ಅರ್ಧ ಅಂತರ, ಅಷ್ಟೆ. ಯಾವುದೇ ಒಂದು ತಂತಿಯನ್ನು ಮೊದಲು ಖಾಲಿಯಾಗಿ ಮೀಟಿ, ಬಳಿಕ ಅದರ ಮೇಲೆಯೇ 2, 4, 5, 7, 9, 11, 12ನೆಯ ಫ್ರೆಟ್‌ಗಳನ್ನು ಒತ್ತುತ್ತ ಹೋದರೆ, ಆ ತಂತಿ ಯಾವ ಸ್ವರಕ್ಕೆ ಶ್ರುತಿಗೊಂಡಿದೆಯೋ ಆ ಸ್ವರದ ಮೇಜರ್ ಸ್ಕೇಲ್ ಕೇಳಿಸುತ್ತದೆ.

ಹೆಸರಿನ ನಿಯಮ ಬೇರೆಯೇ ಆಗಿದೆ: ಎ ಯಿಂದ ಜಿ ವರೆಗಿನ ಏಳು ಅಕ್ಷರಗಳಲ್ಲಿ ಪ್ರತಿಯೊಂದೂ ಸ್ಕೇಲಿನಲ್ಲಿ ಒಮ್ಮೆ, ಒಂದೇ ಒಮ್ಮೆ ಬರಬೇಕು. ನೀವು ಬರೆದದ್ದರಲ್ಲಿ ಡಿ ಅಕ್ಷರ ಎರಡು ಸಲ ಬಂದಿದೆ, ಸಿ ಬಂದೇ ಇಲ್ಲ. ಎಫ್ ಕೂಡ ಕಾಣೆಯಾಗಿದೆ. ಇದನ್ನು ಸ್ಟಾಫ್ ಗೆರೆಗಳ (ಪಾಶ್ಚಾತ್ಯ ಸ್ವರಲಿಪಿಯ ಐದು ಗೆರೆಗಳ) ಮೇಲೆ ಬರೆದು ನೋಡಿ. ಡಿ ಫ್ಲ್ಯಾಟ್ ಮತ್ತು ಡಿ ಎರಡೂ ಒಂದೇ ಗೆರೆಯ ಮೇಲೆ ಕೂರುತ್ತವೆ, ಸಿ ಇರಬೇಕಾದ ಜಾಗ ಖಾಲಿ ಉಳಿಯುತ್ತದೆ, ಮತ್ತು ಡಿ ಫ್ಲ್ಯಾಟ್ ಆದ ಮೇಲೆ ಅದೇ ಬಾರ್‌ನಲ್ಲಿ (ತಾಳದ ಒಂದು ಆವರ್ತದಷ್ಟು ಭಾಗದಲ್ಲಿ) ಡಿ ಬಂದಾಗಲೆಲ್ಲ ಫ್ಲ್ಯಾಟನ್ನು ರದ್ದುಮಾಡುವ ನ್ಯಾಚುರಲ್ ಚಿಹ್ನೆಯನ್ನು ಹಾಕಬೇಕಾಗುತ್ತದೆ. ಪಠ್ಯದ ಕ್ರಮದಲ್ಲಿ ಬರೆದರೆ ಸಾಲಿನ ಆರಂಭದಲ್ಲಿ ಮೂರು ಶಾರ್ಪ್‌ಗಳನ್ನು ಇಟ್ಟು ಮುಗಿಯಿತು. ಸ್ಕೇಲು ಮೆಟ್ಟಿಲಿನಂತೆ ಗೆರೆ, ಎಡೆ, ಗೆರೆ, ಎಡೆ ಎಂದು ಹತ್ತಿಕೊಂಡು ಹೋಗುತ್ತದೆ. ಹೆಸರಿನ ಈ ಶಿಸ್ತು ಓದುವವರ ಅನುಕೂಲಕ್ಕಾಗಿಯೇ ಇದೆ, ಮತ್ತು ಕಲಿಕೆಯ ಮೊದಲ ದಿನದಿಂದಲೇ ಅದನ್ನು ಪಾಲಿಸುವುದು ಒಳ್ಳೆಯದೆಂದು ನಾನು ಭಾವಿಸುತ್ತೇನೆ.

ಆದ್ದರಿಂದ ಮೊದಲು ಎ, ಬಿ, ಸಿ, ಡಿ, ಇ, ಎಫ್, ಜಿ, ಎ ಎಂದು ಬರೀ ಅಕ್ಷರಗಳನ್ನು ಬರೆದುಕೊಳ್ಳಿ. ಬಳಿಕ ಎಡದಿಂದ ಒಂದೊಂದೇ ಅಂತರವನ್ನು ಅಳೆಯಿರಿ. ಬಿ ಮತ್ತು ಸಿ ನಡುವೆ ಕಪ್ಪು ಮನೆಯಿಲ್ಲದ ಕಾರಣ ಅಲ್ಲಿರುವುದು ಅರ್ಧ ಅಂತರ ಮಾತ್ರ. ನಮಗೆ ಪೂರ್ಣ ಬೇಕು, ಹಾಗಾಗಿ ಸಿ ಯನ್ನು ಶಾರ್ಪ್ ಮಾಡಬೇಕು. ಉಳಿದದ್ದು ಇದೇ ರೀತಿ ಸಾಗುತ್ತದೆ.

ಮೇಳಪ್ರಿಯ:

ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಏಳು ಅಂತರಗಳನ್ನು ಒಂದೇ ಉದ್ದನೆಯ ಸಾಲಾಗಿ ನೆನಪಿಡುವುದಕ್ಕಿಂತ, ನಾವು ಕರ್ನಾಟಕ ಸಂಗೀತದ ಮೇಳಕರ್ತ (ಏಳೂ ಸ್ವರಗಳಿರುವ ಮೂಲ) ರಾಗಗಳನ್ನು ನೋಡುವಂತೆ ಪೂರ್ವಾಂಗ (ಮೊದಲರ್ಧ) ಮತ್ತು ಉತ್ತರಾಂಗ (ಎರಡನೆಯರ್ಧ) ಎಂದು ಸೀಳಿ ನೋಡಿದರೆ ರಚನೆ ತಾನಾಗಿಯೇ ತೆರೆದುಕೊಳ್ಳುತ್ತದೆ. ಸಿ ಮೇಜರಿನಲ್ಲಿ ಸಿ, ಡಿ, ಇ, ಎಫ್ ಒಂದು ಅಂಗ. ಜಿ, ಎ, ಬಿ, ಸಿ ಇನ್ನೊಂದು ಅಂಗ. ಎರಡರ ಒಳಗೂ ಪೂರ್ಣ, ಪೂರ್ಣ, ಅರ್ಧ ಎಂಬ ಒಂದೇ ಅಚ್ಚು ಇದೆ, ನಡುವೆ ಎರಡನ್ನೂ ಸೇರಿಸುವ ಒಂದು ಪೂರ್ಣ ಅಂತರವಿದೆ. (29ನೆಯ ಮೇಳವಾದ ಧೀರಶಂಕರಾಭರಣದ ಸ್ವರಸ್ಥಾನಗಳೂ ಇವೇ. ಆದರೆ ರಾಗಕ್ಕೆ ಗಮಕ, ಸಂಚಾರಗಳಿಂದ ಬರುವ ಸ್ವರೂಪವನ್ನು ಸ್ಕೇಲಿನಲ್ಲಿ ಹುಡುಕಬಾರದು.)

ಈಗ ಸಿ ಮೇಜರಿನ ಉತ್ತರಾಂಗವನ್ನೇ ಹೊಸ ಸ್ಕೇಲಿನ ಪೂರ್ವಾಂಗವನ್ನಾಗಿ ಇಟ್ಟುಕೊಳ್ಳಿ: ಜಿ, ಎ, ಬಿ, ಸಿ. ಅದರ ಮುಂದೆ ಡಿ ಯಿಂದ ಅದೇ ಅಚ್ಚನ್ನು ಇಳಿಸಿದರೆ ಡಿ, ಇ, ಎಫ್ ಶಾರ್ಪ್, ಜಿ ಸಿಗುತ್ತದೆ. ಜಿ ಮೇಜರ್ ಸಿದ್ಧವಾಯಿತು, ಬದಲಾದದ್ದು ಒಂದೇ ಸ್ವರ. ಇದನ್ನೇ ಮುಂದುವರಿಸಿದರೆ ಡಿ, ಎ, ಇ, ಬಿ ಎಂದು ಸ್ಕೇಲುಗಳು ಬರುತ್ತವೆ. ಪ್ರತಿ ಸಲವೂ ಹೊಸ ಸ್ಕೇಲಿನ ಏಳನೆಯ ಸ್ವರಕ್ಕೆ ಒಂದು ಶಾರ್ಪ್ ಸೇರುತ್ತದೆ. ತಿರುಗುಮುರುಗಾಗಿ, ಸಿ ಮೇಜರಿನ ಪೂರ್ವಾಂಗವನ್ನು ಉತ್ತರಾಂಗವನ್ನಾಗಿಸಿದರೆ ಅದರ ಕೆಳಗೆ ಎಫ್, ಜಿ, ಎ, ಬಿ ಫ್ಲ್ಯಾಟ್ ಬೇಕಾಗುತ್ತದೆ, ಅಂದರೆ ಎಫ್ ಮೇಜರ್ ಬರುತ್ತದೆ. ಪಂಚಮಗಳ ವೃತ್ತ ಎಂದು ಚಿತ್ರ ಬರೆದು ತೋರಿಸುವುದೆಲ್ಲ ಇದನ್ನೇ.

ಹೊಸಕಲಿಕೆ:

ತುಂಬ ಉಪಕಾರವಾಯಿತು. ಅಂಗಗಳ ದಾರಿಯಲ್ಲಿ ನಡೆದು ಎಫ್ ಶಾರ್ಪ್ ಮೇಜರ್ ವರೆಗೆ ಬಂದೆ. ಅಲ್ಲಿ ಎಫ್ ಶಾರ್ಪ್, ಜಿ ಶಾರ್ಪ್, ಎ ಶಾರ್ಪ್, ಬಿ, ಸಿ ಶಾರ್ಪ್, ಡಿ ಶಾರ್ಪ್, ಇ ಶಾರ್ಪ್ ಎಂದು ಬರುತ್ತಿದೆ. ಇ ಶಾರ್ಪ್ ಎಂದರೆ ಎಫ್ ಮನೆಯೇ ಅಲ್ಲವೇ? ಎಲ್ಲಿಯಾದರೂ ಎಡವಿದೆನೇ?

ಆರುತಂತಿ:

ಎಡವಿಲ್ಲ. ಒತ್ತುವುದು ಎಫ್ ಮನೆಯನ್ನೇ, ಬರೆಯುವುದು ಮಾತ್ರ ಇ ಶಾರ್ಪ್ ಎಂದು. ಎಫ್ ಅಕ್ಷರವನ್ನು ಎಫ್ ಶಾರ್ಪ್ ಆಗಲೇ ಬಳಸಿಕೊಂಡಿದೆ. ಅದೇ ಸ್ಕೇಲನ್ನು ಜಿ ಫ್ಲ್ಯಾಟ್ ಮೇಜರ್ ಎಂದೂ ಬರೆಯಬಹುದು, ಆಗ ಆರು ಶಾರ್ಪ್‌ಗಳ ಬದಲು ಆರು ಫ್ಲ್ಯಾಟ್‌ಗಳು ಬರುತ್ತವೆ ಮತ್ತು ಬಿ ಮನೆಗೆ ಸಿ ಫ್ಲ್ಯಾಟ್ ಎಂಬ ಹೆಸರಾಗುತ್ತದೆ. ಎರಡೂ ಸರಿ.

ನಾದಗಣಿತ:

ಅರ್ಧ ಅಂತರಗಳು ಆ ಜಾಗಗಳಲ್ಲಿಯೇ ಏಕೆ ಎಂಬ ಪ್ರಶ್ನೆ ಉಳಿದುಕೊಂಡಿದೆ, ನನಗೆ ಅದೇ ಹೆಚ್ಚು ಪ್ರಿಯವಾದದ್ದು. ಕಂಪನಸಂಖ್ಯೆಗಳು 4:5:6 ಅನುಪಾತದಲ್ಲಿರುವ ಮೂರು ಸ್ವರಗಳು ಕೂಡಿದಾಗ ಅತ್ಯಂತ ಹಿತವಾಗಿ ಬೆರೆಯುತ್ತವೆ. ಇದೇ ಮೇಜರ್ ಕಾರ್ಡ್. ಎ ಸ್ವರವನ್ನು 220 ಹರ್ಟ್ಸ್ ಎಂದಿಟ್ಟುಕೊಂಡರೆ ಅದರ ಕಾರ್ಡ್ 220, 275, 330. ಈ 330ರ ಮೇಲೆ ಇನ್ನೊಂದನ್ನು ಕಟ್ಟಿದರೆ 330, 412.5, 495 ಸಿಗುತ್ತದೆ. 440ರಲ್ಲಿ ಮುಗಿಯುವಂತೆ ಕೆಳಗಿನಿಂದ ಮತ್ತೊಂದನ್ನು ಕಟ್ಟಿದರೆ 293.33, 366.67, 440 ಆಗುತ್ತದೆ. 495ನ್ನು ಒಂದು ಸ್ಥಾಯಿ ಕೆಳಗಿಳಿಸಿ 247.5 ಮಾಡಿ ಎಲ್ಲವನ್ನೂ ಸಾಲಾಗಿ ಜೋಡಿಸಿ: 220, 247.5, 275, 293.33, 330, 366.67, 412.5, 440.

ಪಕ್ಕಪಕ್ಕದ ಸಂಖ್ಯೆಗಳನ್ನು ಭಾಗಿಸಿ ನೋಡಿದರೆ ಹೆಚ್ಚಿನವು 9/8 ಅಥವಾ 10/9 ಆಗಿರುತ್ತವೆ. ಎರಡು ಕಡೆ ಮಾತ್ರ 16/15 ಎಂಬ ಸಣ್ಣ ಹೆಜ್ಜೆ ಬರುತ್ತದೆ: 275ರಿಂದ 293.33ಕ್ಕೆ, 412.5ರಿಂದ 440ಕ್ಕೆ. ಅಂದರೆ ಮೂರರಿಂದ ನಾಲ್ಕಕ್ಕೆ, ಏಳರಿಂದ ಎಂಟಕ್ಕೆ. ಒಂದಕ್ಕೊಂದು ಹೆಣೆದ ಮೂರು ಕಾರ್ಡ್‌ಗಳ ಸ್ವರಗಳನ್ನು ಕೂಡಿಸಿದ ಮಾತ್ರಕ್ಕೆ ಅರ್ಧ ಅಂತರಗಳು ಅಲ್ಲಿಗೇ ಬಂದು ಕೂರುತ್ತವೆ. ಚರಿತ್ರೆಯಲ್ಲಿ ಸ್ಕೇಲು ಈ ಲೆಕ್ಕದಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ; ಸ್ವಿಸ್ ಸಂಗೀತಶಾಸ್ತ್ರಜ್ಞ ಗ್ಲೇರಿಯನ್ 1547ರಲ್ಲಿ ಇದೇ ಅಂತರಕ್ರಮವನ್ನು ಅಯೋನಿಯನ್ ಎಂಬ ಹೆಸರಿನಿಂದ ತನ್ನ ಹನ್ನೆರಡು ಮೋಡ್‌ಗಳಲ್ಲಿ (ಸ್ವರಕ್ರಮಗಳಲ್ಲಿ) ಸೇರಿಸಿದಾಗ ಅದು ಹಾಡುವವರ ಬಾಯಲ್ಲಿ ಆಗಲೇ ಇತ್ತು.

ನಿಮ್ಮ ಕೀಬೋರ್ಡಿನಲ್ಲಿ ಮಾತ್ರ ಈ ಸಂಖ್ಯೆಗಳು ಯಥಾವತ್ತಾಗಿ ಸಿಗುವುದಿಲ್ಲ. ಅಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಪ್ರತಿ ಅರ್ಧ ಅಂತರವೂ ಸುಮಾರು 1.0595 ಪಟ್ಟು ಇರುತ್ತದೆ, ಆದ್ದರಿಂದ ಸಿ ಶಾರ್ಪ್ 275ರ ಬದಲು 277.18 ಹರ್ಟ್ಸ್ ಆಗುತ್ತದೆ. ಎ ಮತ್ತು ಸಿ ಶಾರ್ಪ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಗಮನವಿಟ್ಟು ಆಲಿಸಿದರೆ, ನಾದದಲ್ಲಿ ಒಂದು ಸಣ್ಣ ಕಂಪನ ಕೇಳಿಸುತ್ತದೆ. ಆ ವ್ಯತ್ಯಾಸ ಕೇಳಿಸುವುದು ಅಲ್ಲಿಯೇ.