ಸಹಾಯ ಬೇಕು: ಯಾಸ್ಪರ್ಸ್ ಹೇಳುವ ‘ಶುಲ್ಡ್’ಗೆ ಕನ್ನಡದಲ್ಲಿ ಏನನ್ನೋಣ?

ನಾಜಿ ಕಾಲದ ಜರ್ಮನ್ನರ ತಪ್ಪಿನ ಪ್ರಶ್ನೆ ಕುರಿತು ಜರ್ಮನ್ ತತ್ತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ 1946ರಲ್ಲಿ ಪ್ರಕಟಿಸಿದ ಪುಸ್ತಕದ ಅನುವಾದ ಒಂದೇ ಪದದ ಹತ್ತಿರ ನಿಂತಿದೆ. ಜರ್ಮನ್‌ನ ‘ಶುಲ್ಡ್’ ತಪ್ಪೂ ಹೌದು, ಸಾಲವೂ ಹೌದು. ‘ಅಪರಾಧ’ ಅಂದರೆ ಕೋರ್ಟು ನೆನಪಾಗುತ್ತದೆ, ‘ಪಾಪ’ ಅಂದರೆ ಧರ್ಮ. ‘ಋಣ’ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ಕೃತಜ್ಞತೆಯೇ ಮುಂದಾಗುತ್ತದೆ.

ಯಾಸ್ಪರ್ಸ್ ಈ ಶುಲ್ಡ್ ಅನ್ನು ನಾಲ್ಕು ಬಗೆ ಮಾಡುತ್ತಾರೆ. ತೀರ್ಪು ಕೊಡುವವರು ಕಾನೂನಿನದ್ದಕ್ಕೆ ನ್ಯಾಯಾಲಯ, ರಾಜಕೀಯದ್ದಕ್ಕೆ ಯುದ್ಧ ಗೆದ್ದವರು, ಪಾರಮಾರ್ಥಿಕದ್ದಕ್ಕೆ ದೇವರು. ರಾಜಕೀಯದ್ದಕ್ಕೆ ‘ಹೊಣೆ’ ಸಾಕು. ತೊಡಕಿರುವುದು ನೈತಿಕದಲ್ಲಿ: ಅದರ ತೀರ್ಪು ಸ್ವಂತ ಆತ್ಮಸಾಕ್ಷಿಯದು, ಜೊತೆಗೆ ಆಪ್ತರೊಂದಿಗಿನ ಮಾತುಕತೆಯದು. ಅಂದರೆ ಇಲ್ಲಿ ಗೆಳೆಯನಿಗೂ ಕೇಳುವ ಹಕ್ಕಿದೆ. ‘ಅಪರಾಧ’ ಎಂದು ಬರೆದ ತಕ್ಷಣ ಆ ಗೆಳೆಯ ನ್ಯಾಯಾಧೀಶನಾಗಿಬಿಡುತ್ತಾನೆ, ಇಡೀ ವಾದ ಕೆಡುತ್ತದೆ.

ಯಾಸ್ಪರ್ಸ್ ಗೆಳೆಯ, ತತ್ತ್ವಜ್ಞಾನಿ ಹೈಡೆಗರ್ ಪ್ರಸಂಗದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. 1933ರಲ್ಲಿ ನಾಜಿ ಪಕ್ಷ ಸೇರಿದ ಅವರು ಆ ವರ್ಷದ ನಂತರ ಯಾಸ್ಪರ್ಸ್ ಮನೆಗೆ ಹೋಗಲೇ ಇಲ್ಲ. ಯಾಸ್ಪರ್ಸ್ ಪತ್ನಿ ಗೆರ್ಟ್ರೂಡ್ ಯೆಹೂದಿ. ಬರದಿದ್ದುದಕ್ಕೆ ಕಾರಣ ಅದಲ್ಲ, ನಾಚಿಕೆ ಎಂದು ಹೈಡೆಗರ್ 1950ರ ಮಾರ್ಚ್‌ನಲ್ಲಿ ಪತ್ರ ಬರೆದರು. ಆದರೂ ಯಾಸ್ಪರ್ಸ್ ಕಾಯುತ್ತಿದ್ದ ಮನಬಿಚ್ಚಿದ ಮಾತು ಬರಲಿಲ್ಲ, ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಆ ‘ನಾಚಿಕೆ’ಯನ್ನು ‘ಲಜ್ಜೆ’ ಅಂದರೆ ಅನ್ಯಾಯವಾಗುತ್ತದೆ ಅನ್ನಿಸುತ್ತಿದೆ.

ಇನ್ನು ಕ್ಷಮೆಯ ಮಾತು. ಇವರಿಬ್ಬರ ಶಿಷ್ಯೆಯಾಗಿದ್ದ ಚಿಂತಕಿ ಹನ್ನಾ ಅರೆಂಟ್ ಪ್ರಕಾರ ಕ್ಷಮಿಸುವುದು ಕೃತ್ಯವನ್ನಾದರೂ, ಕ್ಷಮಿಸುವುದು ಮಾಡಿದ ವ್ಯಕ್ತಿಗೋಸ್ಕರ. ‘ಮನ್ನಾ’ ಪದ ಸಾಲಕ್ಕೂ ತಪ್ಪಿಗೂ ಸಲ್ಲುತ್ತದೆ, ಇಲ್ಲಿ ಒಗ್ಗೀತೇ?

ಜರ್ಮನ್ ಮೂಲ ಓದಿದವರು ದಯವಿಟ್ಟು ಹೇಳಿ: ನಾಲ್ಕಕ್ಕೂ ಒಂದೇ ಪದವೇ, ನಾಲ್ಕು ಬೇರೆ ಪದಗಳೇ? ಪೂರ್ತಿ ವಾಕ್ಯದಲ್ಲಿ ಬಳಸಿ ತೋರಿಸಿದರೆ ಬಹಳ ಉಪಕಾರ.